ಪುಟ್ಟಿಯ ಹಾಳೆಗೆ ಅಂಟಿಸಿದ ಬಾಣಗಳು

ಚೆಕ್ಕಿಂಗ್ ಟೇಬಲ್ ಮೇಲೆ ಅಂಗಿ ಬಂದರೆ ಮೊದಲು ಕಾಲರ್ ನೋಡಬೇಕು. ಆಮೇಲೆ ಎಡ ಭುಜ, ಎಡ ತೋಳು, ಕಫ್, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ. ಹಾಗೇ ಸುತ್ತಿಕೊಂಡು ಬಲಗಡೆಯಿಂದ ಮತ್ತೆ ಕಾಲರಿಗೆ ಬರಬೇಕು. ಬಳಿಕ ಒಳಮೈ ಹೊರಗೆ ತಿರುಗಿಸಿ ಅದೇ ದಾರಿ ಇನ್ನೊಂದು ಸಲ. ತಪ್ಪು ಕಂಡ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪೀಸನ್ನು ಪಕ್ಕಕ್ಕೆ ಹಾಕಬೇಕು. ಚೆಕ್ಕರ್ ಕೆಲಸ ಅಲ್ಲಿಗೆ ಮುಗಿಯಿತು. ನಾವು ಸೂಜಿ ಮುಟ್ಟುವ ಹಾಗಿಲ್ಲ. ಆ ಪೀಸು ಯಾರ ಮಷೀನಿಂದ ಬಂತೋ ಅವರ ಹತ್ತಿರವೇ ವಾಪಸ್ ಹೋಗಬೇಕು. ಹೊಲಿದವರೇ ಬಿಚ್ಚಬೇಕು, ಹೊಲಿದವರೇ ಮತ್ತೆ ಹೊಲಿಯಬೇಕು.

ಹಳೇ ಮದ್ರಾಸ್ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ನಾನು ಮಾಡುತ್ತಿದ್ದುದು ಈ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಇಂಥವಳಿಗೆ ಒಂದು ವಾರ ಅಂಗಿಯ ಜೊತೆಗೆ ಒಂದು ಇಂಗ್ಲಿಷ್ ಹಾಳೆಯನ್ನೂ ಚೆಕ್ ಮಾಡುವ ಕೆಲಸ ಬಂತು. ಅದನ್ನು ಬರೆಯೋಣ ಅಂತ ಕೂತಿದ್ದೇನೆ. ಸಂತೋಷಕ್ಕೆ ಒಂದು ಮಾತಿನ ಕಡೆ ಎರಡು ಮಾತು ಬಂದುಬಿಟ್ಟರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹಾಳೆ ನನ್ನ ಮೊಮ್ಮಗಳದು. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಮಗ, ಸೊಸೆ ಕೋಲಾರದ ಕಡೆ ಕೆಲಸಕ್ಕೆ ಇದ್ದರು. ಟಿನ್ ಫ್ಯಾಕ್ಟರಿ ಹಿಂದಿನ ನಮ್ಮ ಮನೆಯಲ್ಲಿ ನಾನು, ನಮ್ಮ ಯಜಮಾನರು, ಪುಟ್ಟಿ, ಮೂರೇ ಜನ. ಅವಳು ಎರಡನೇ ಪಿಯುಸಿ ಪರೀಕ್ಷೆ ಬರೆಯುತ್ತಿದ್ದ ವರ್ಷ ಅದು. ಬೇರೆ ಊರಿನ ಒಂದು ಯೂನಿವರ್ಸಿಟಿಯಲ್ಲಿ ಮಾತು ನಿಂತವರಿಗೆ ಮಾತು ಕಲಿಸುವ ವಿದ್ಯೆ ಇದೆ, ಅದನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಳು. ಅಂಕ ಒಂದೇ ಸಾಲದಂತೆ. ಅರ್ಜಿಯ ಜೊತೆ ಒಂದು ಗೆರೆ ಹಾಳೆ ಕೊಟ್ಟಿದ್ದರು. ನೀನು ಯಾರು, ಈ ಓದು ನಿನಗೆ ಯಾಕೆ ಬೇಕು, ಎಲ್ಲಾ ಆ ಒಂದು ಹಾಳೆಯಲ್ಲಿ ಅವಳ ಕೈಬರಹದಲ್ಲೇ ಬರೆಯಬೇಕು. ಅದನ್ನು ಓದಿ, ಮನಸ್ಸಿಗೆ ಬಂದವರನ್ನು ಮಾತ್ರ ಇಂಟರ್‌ವ್ಯೂಗೆ ಕರೆಯುತ್ತಾರೆ. ಸೀಟು ಬೆರಳೆಣಿಕೆ.

ಈ ಓದು ಅವಳಿಗೆ ಯಾಕೆ ಬೇಕು ಅನ್ನುವುದು ನಮ್ಮ ನಡುಮನೆಯ ಮಂಚದ ಮೇಲೇ ಕೂತಿತ್ತು. ನಮ್ಮ ಯಜಮಾನರು ರಸೆಲ್ ಮಾರುಕಟ್ಟೆಯಲ್ಲಿ ಹಣ್ಣು ಮಾರಿದವರು. ಕನ್ನಡ, ತಮಿಳು, ಶಿವಾಜಿನಗರದ ಸಾಹೇಬರ ಹತ್ತಿರ ಉರ್ದು, ಫ್ರೇಜರ್ ಟೌನಿನ ಅಮ್ಮಂದಿರ ಹತ್ತಿರ ಇಂಗ್ಲಿಷು, ಎಲ್ಲಾ ಅವರ ಬಾಯಲ್ಲಿತ್ತು. ಪುಟ್ಟಿ ಹೈಸ್ಕೂಲಿನಲ್ಲಿದ್ದಾಗ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕಿವಿ ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ, ನಾವು ಹೇಳಿದ್ದೆಲ್ಲಾ ತಿಳಿಯುತ್ತದೆ. ಬಾಯಿಂದ ಬರುವುದು ಮಾತ್ರ "ಆಯ್ತು" ಅನ್ನುವುದೊಂದೇ. ಹಸಿವಾದರೂ ಆಯ್ತು, ಕೋಪ ಬಂದರೂ ಆಯ್ತು, ಬಾಗಿಲು ಹಾಕು ಅನ್ನುವುದಕ್ಕೂ ಆಯ್ತು. ಯಾವುದು ಯಾವ ಆಯ್ತು ಅಂತ ನಾವು ಮುಖ ನೋಡಿ ತಿಳಿದುಕೊಳ್ಳಬೇಕು.

ಒಂದು ಗುರುವಾರ ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಪುಟ್ಟಿ ಹಾಳೆ ಹಿಡಿದುಕೊಂಡು ಬಚ್ಚಲ ಬಾಗಿಲಿಗೇ ಬಂದಳು.

"ಅಜ್ಜಿ, ಒಂದ್ಸಲ ಚೆಕ್ ಮಾಡ್ಕೊಡು."

"ನಾನಾ? ನನಗೆ ಇಂಗ್ಲಿಷಲ್ಲಿ ಎಸ್ಸು, ಎಮ್ಮು, ಎಲ್ಲು, ಅಂಗಿ ಸೈಜು ಬಿಟ್ರೆ ಇನ್ನೇನಮ್ಮಾ ಗೊತ್ತು?"

"ಇಂಗ್ಲಿಷು ಮೇಷ್ಟ್ರು ನೋಡಿದಾರೆ. ನೀನು ಹೊಲಿಗೆ ನೋಡು" ಅಂತ ನಕ್ಕಳು.

ಮೇಷ್ಟ್ರು ಅಂದರೆ ವಿಮಾನಪುರದವರು. ಅಲ್ಲಿನ ಕಾರ್ಖಾನೆಯಲ್ಲಿ ಆಫೀಸು ಕೆಲಸ ಮಾಡಿ ರಿಟೈರ್ ಆದ ಮೇಲೆ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಪುಟ್ಟಿ ಬರೆದದ್ದನ್ನು ಅವರು ಕೆಂಪು ಇಂಕಿನಲ್ಲಿ ತಿದ್ದುವುದು, ಇವಳು ಮತ್ತೆ ಬರೆಯುವುದು, ಮತ್ತೆ ಅವರು ತಿದ್ದುವುದು, ಹೀಗೇ ನಡೆದಿತ್ತು. ಕೊನೆಗೆ ಎಲ್ಲಾ ಸರಿಯಾಯಿತು ಅಂದ ಮೇಲೆ ಇವಳು ಅಸಲು ಹಾಳೆಗೇ ದುಂಡಗೆ ಇಳಿಸಿ ತಂದಿದ್ದಳು.

ನಡುಮನೆಯಲ್ಲಿ ಯಜಮಾನರ ಮಂಚದ ಪಕ್ಕ ಲೈಟಿನ ಕೆಳಗೆ ಕೂತೆವು. ನಾನು ಒಂದು ಕ್ರಮ ಹೇಳಿದೆ. ಒಂದು ಸಾಲು ಇಂಗ್ಲಿಷಲ್ಲಿ ಓದು, ಅದನ್ನೇ ಕನ್ನಡದಲ್ಲಿ ಹೇಳು, ಆಮೇಲೆ ಮುಂದಿನ ಸಾಲು. ಮೇಲಿಂದ ಕೆಳಗೆ, ಒಂದನ್ನೂ ಹಾರಿಸದೆ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಕೋಟಿನ ತೋಳಿನ ಮೇಲೆ ಯಾವಾಗಲೂ ಒಂದಷ್ಟು ಬಾಣಗಳು ಅಂಟಿಕೊಂಡಿರುತ್ತವೆ, ಕೈಗೆ ಸಿಗಲಿ ಅಂತ ನಾವೇ ಅಂಟಿಸಿಕೊಂಡಿರುತ್ತೇವೆ. ಒಗೆಯಲು ತಂದಿದ್ದ ಕೋಟಿನಿಂದ ಅವನ್ನು ಕಿತ್ತು ಬೆರಳ ತುದಿಯಲ್ಲಿ ಇಟ್ಟುಕೊಂಡೆ.

ಪುಟ್ಟಿ ಓದುತ್ತಾ ಹೋದಳು. ನನ್ನ ಮೊಮ್ಮಗಳು ಅಂತ ಹೇಳುವುದಲ್ಲ. ಸುಳ್ಳು, ಅದಕ್ಕೇ ಹೇಳುವುದು! ಆ ಇಂಗ್ಲಿಷು ಅವಳ ಬಾಯಲ್ಲಿ ಎಷ್ಟು ನಯವಾಗಿ ಬರುತ್ತಿತ್ತು ಅಂದರೆ, ಅರ್ಥ ಆಗದಿದ್ದರೂ ಕೇಳುತ್ತಾ ಇರೋಣ ಅನ್ನಿಸುತ್ತಿತ್ತು. ಮೊದಲಿನ ಸಾಲುಗಳು ಸರಿಯಿದ್ದವು. ಹಳೇ ಊರು, ಮನೆ, ಕನ್ನಡ ಶಾಲೆ. ಆಮೇಲೆ ಒಂದು ಕಡೆ ಇಂಗ್ಲಿಷ್ ಓದಿದವಳು ಕನ್ನಡ ಹೇಳದೆ ಮುಂದಿನ ಸಾಲಿಗೆ ಹೊರಟಳು.

"ಇದನ್ನ ಹಾರಿಸಿದೆ."

"ಅದೇ ಅಜ್ಜಿ, ತಾತನ ವಿಷಯ."

"ಹೇಳು."

ಅವಳು ಹಾಳೆ ನೋಡಿಕೊಂಡೇ ಹೇಳಿದಳು: "ನನ್ನ ಎಡೆಬಿಡದ ಪ್ರಯತ್ನದಿಂದ ನಮ್ಮ ತಾತ ಈಗ ಎಲ್ಲರ ಜೊತೆ ಸ್ಪಷ್ಟವಾಗಿ ಮಾತಾಡುತ್ತಾರೆ."

ನಾನು ಮಂಚದ ಕಡೆ ನೋಡಿದೆ. ಯಾವುದಕ್ಕೂ ಆಯ್ತು ಅನ್ನುವವರು ಅದಕ್ಕೆ ಏನೂ ಅನ್ನಲಿಲ್ಲ. ಎಡಗೈಯಿಂದ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

"ಇದನ್ನ ಯಾರು ಹೊಲಿದಿದ್ದು?" ಅಂದೆ.

"ಮೇಷ್ಟ್ರು." ಪುಟ್ಟಿ ದನಿ ಸಣ್ಣದಾಯಿತು. "ನಾನು ಮೊದಲು 'ತಾತಂಗೆ ಮಾತು ಕಲಿಸೋಕೆ ನೋಡಿದೆ' ಅಂತ ಅಷ್ಟೇ ಬರೆದಿದ್ದೆ. ಅವರು 'ಸ್ವಲ್ಪ ಮಾತಾಡ್ತಾರೆ' ಅಂತ ಮಾಡಿದ್ರು. ಆಮೇಲಿನ ಸಲ ಇದಾಯ್ತು. ಕಲಿಸೋಕೆ ನೋಡಿ ಸೋತೆ ಅಂತ ಬರೆದ್ರೆ ಯಾರಜ್ಜಿ ಸೀಟು ಕೊಡ್ತಾರೆ? ಎಲ್ಲರೂ ಗೆದ್ದಿದ್ದೇ ಬರೀತಾರೆ."

ಅವಳಿಗೆ ಸೀಟು ಸಿಗಬೇಕು ಅಂತ ಅವಳಿಗಿಂತ ಹೆಚ್ಚಾಗಿ ನನಗೆ ಇತ್ತು. ಆದರೆ ಕೈಗೆ ಅಭ್ಯಾಸ ಇದೆಯಲ್ಲ, ಅದು ಕೇಳುವುದಿಲ್ಲ. ಆ ಸಾಲಿನ ಪಕ್ಕ ಒಂದು ಬಾಣ ಅಂಟಿಸಿದೆ. ಅಲ್ಲಿಂದ ಮುಂದೆ ಎಲ್ಲೆಲ್ಲಿ ಅವಳ ದನಿ ಓಡಿತೋ ಅಲ್ಲೆಲ್ಲಾ ಒಂದೊಂದು ಅಂಟಿಸಿದೆ. "ಸಮಾಜ ಸೇವೆಯೇ ನನ್ನ ಉಸಿರು" ಅಂತ ಒಂದು ಸಾಲಿತ್ತು, ಅದಕ್ಕೂ ಒಂದು.

"ನಿನ್ನ ಉಸಿರು ನನಗೆ ಗೊತ್ತಿಲ್ವಾ? ಮಾವಿನಕಾಯಿಗೆ ಉಪ್ಪುಖಾರ" ಅಂದೆ. ಅವಳು ನಕ್ಕಳು. ಅಷ್ಟು ಹೊತ್ತಿಗೆ ಹಾಳೆ ತುಂಬ ಕೆಂಪು ಬಾಣಗಳಾಗಿದ್ದವು.

ಹಾಳಾಗಿದ್ದು ಆಮೇಲೆ. ಬಟ್ಟೆಯ ಮೇಲಿನ ಸ್ಟಿಕ್ಕರ್ ಕಿತ್ತರೆ ಬಿಟ್ಟುಕೊಂಡು ಬರುತ್ತದೆ, ಗುರುತೂ ಇರುವುದಿಲ್ಲ. ಎಷ್ಟೋ ವರ್ಷ ಅದನ್ನೇ ಕಂಡವಳು ನಾನು, ಕಾಗದ ಬೇರೆ ಅನ್ನುವುದು ಹೊಳೆಯಲೇ ಇಲ್ಲ. ಮೊದಲನೇ ಬಾಣ ಎಳೆದಾಗ ಕಾಗದದ ಸಿಪ್ಪೆ, ಮೇಲಿದ್ದ ಅಕ್ಷರ, ಎಲ್ಲಾ ಅದರ ಜೊತೆ ಎದ್ದು ಬಂತು. ಎರಡನೆಯದು ತೂತೇ ಮಾಡಿತು. ಬಿಸಿ ಇಸ್ತ್ರಿಪೆಟ್ಟಿಗೆ ಮೇಲಿಂದ ಆಡಿಸಿದರೆ ಗೋಂದು ಕರಗುತ್ತದೆ ಅಂತ ನಾನೇ ಹೇಳಿದೆ. ಗೋಂದು ಕರಗಿತು, ಇಂಕೂ ಕದಡಿತು.

ಪುಟ್ಟಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದು ತೂತಿನ ಒಳಗಿಂದ ನನ್ನನ್ನೇ ನೋಡಿದಳು.

"ಅಜ್ಜಿ, ಇದು ಒಂದೇ ಇದ್ದಿದ್ದು. ಸೋಮವಾರ ಕೊಡ್ಬೇಕು."

ಆ ಯೂನಿವರ್ಸಿಟಿಗೆ ಅರ್ಜಿ ಕೊಡುವ ಆಫೀಸು ಶಿವಾಜಿನಗರದ ಹತ್ತಿರ, ಬೇರೆ ಹಾಳೆ ಬೇಕಾದರೂ ಅಲ್ಲಿಗೇ ಹೋಗಬೇಕು. ಪುಟ್ಟಿಗೆ ಮಾರನೇ ದಿನ ಪ್ರಾಕ್ಟಿಕಲ್ ಪರೀಕ್ಷೆ. ನನಗೆ ಶಿಪ್‌ಮೆಂಟ್ ವಾರ, ಅಂಗಿಗಳನ್ನು ಪೆಟ್ಟಿಗೆಗೆ ತುಂಬಿ ಹಡಗಿಗೆ ಕಳಿಸುವ ವಾರ. ಬೆಳಗ್ಗೆ ಹೋದವಳೇ ಸೂಪರ್‌ವೈಸರ್ ಮುಂದೆ ನಿಂತೆ. ನನ್ನ ಮಗನಿಗಿಂತ ಚಿಕ್ಕ ಹುಡುಗ.

"ಅರ್ಧ ದಿನ ರಜ ಬೇಕು ಸಾರ್."

"ಅಮ್ಮಾ, ಈ ವಾರ ರಜ ಕೇಳೋ ಬದಲು ನನ್ನ ಕತ್ತು ಹಿಸುಕಿಬಿಡಿ. ಇವತ್ತು ಇನ್ನೊಂದು ಮಾತು. ಚಿಕ್ಕಪುಟ್ಟ ಆಲ್ಟರ್ ಇದ್ರೆ ಟೈಲರ್‌ಗೆ ವಾಪಸ್ ಕಳಿಸ್ಬೇಡಿ, ಟೈಮಿಲ್ಲ. ಸೂಜಿ ದಾರ ಕೊಡ್ತೀನಿ, ಅಲ್ಲೇ ನೀವೇ ಹಾಕ್ಬಿಡಿ."

"ಚೆಕ್ಕರ್ ಸೂಜಿ ಮುಟ್ಟಬಾರದು ಅಂತ ನೀವೇ..."

"ನಾನೇ ಹೇಳಿದ್ದು, ಈಗ ನಾನೇ ಹೇಳ್ತಿರೋದು."

ಸರಿ, ಮುಟ್ಟಿದೆವು. ಅವತ್ತು ಕಫ್ ಹೊಲಿಗೆ ಬಿಟ್ಟ ಅಂಗಿಗಳು ಒಂದರ ಹಿಂದೆ ಒಂದು ಬಂದವು. ಎಲ್ಲಾ ಒಂದೇ ಜಾಗದಲ್ಲಿ, ಕಫ್ ತೋಳಿಗೆ ಸೇರುವ ಮೂಲೆಯಲ್ಲಿ. ನಾವು ಕೈಹೊಲಿಗೆ ಹಾಕಿ ಹಾಕಿ ಪ್ಯಾಕಿಂಗಿಗೆ ತಳ್ಳಿದೆವು. ಪಕ್ಕದವಳು ಹೆಮ್ಮೆಯಿಂದ, "ನೋಡಕ್ಕ, ಮಷೀನ್ ಯಾವ್ದು ನಾನ್ಯಾವ್ದು ಗೊತ್ತಾಗಲ್ಲ" ಅಂದಳು. ನನಗೂ ಹೆಮ್ಮೆ ಆಯಿತು. ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿನಲ್ಲಿ ನಮ್ಮ ಲೈನಿನ ಕಫ್ ಟೈಲರ್ ಹತ್ತಿರ ಹಾಳೆಯ ಕಥೆ ಹೇಳಿಕೊಂಡೆ. ಅವಳು ಶಿವಾಜಿನಗರದವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಗಂಡನ ಕಟ್‌ಪೀಸ್ ಅಂಗಡಿ ಆ ಆಫೀಸಿನ ಸಾಲಿನಲ್ಲೇ ಇತ್ತು.

"ಫಿಕರ್ ನಕ್ಕೋ ಅಕ್ಕ" ಅಂದಳು. "ನಮ್ಮನೆಯವರು ದಿನಾ ಆ ಆಫೀಸ್ ಮುಂದೇನೇ ಚಾ ಕುಡೀತಾರೆ. ಒಂದು ದಿನ ಒಳಗೆ ಹೋಗ್ಲಿ. ಅವರೂ ಸ್ವಲ್ಪ ಯೂನಿವರ್ಸಿಟಿ ನೋಡ್ಲಿ! ಈಗ್ಲೇ ಅಂಗಡಿಗೆ ಫೋನ್ ಮಾಡ್ತೀನಿ."

ಶನಿವಾರ ಬೆಳಗ್ಗೆ ಹೊಸ ಹಾಳೆ ನನ್ನ ಕೈಯಲ್ಲಿತ್ತು. ಕಫ್ ಟೈಲರ್ ಅದನ್ನು ಎರಡು ರಟ್ಟಿನ ಮಧ್ಯೆ ಇಟ್ಟು, ದಾರ ಕಟ್ಟಿ, ಸುಕ್ಕು ಬೀಳದ ಹಾಗೆ ತಂದಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಸೂಪರ್‌ವೈಸರ್ ಕೂಗು ಕೇಳಿಸಿತು. ಮಾಲು ನೋಡಲು ಬಂದಿದ್ದ ಬಯರ್ ಕಡೆಯವರು ಕೆಲವು ಪೆಟ್ಟಿಗೆ ಒಡೆದು, ಅಂಗಿ ತೆಗೆದು, ಕಫ್ ಹಿಡಿದು ಒಂದು ಸಲ ಜಗ್ಗಿದ್ದರು. ನಮ್ಮ ಕೈಹೊಲಿಗೆ ಕಿತ್ತುಕೊಂಡು ಬಂದಿತ್ತು. ಇಡೀ ಲಾಟು ವಾಪಸ್.

ಸಾಲಾಗಿ ಕೂತು ಒಂದೊಂದೇ ಅಂಗಿ ಬಿಡಿಸಿದೆವು. ಆ ಕಫ್ ಟೈಲರ್ ಒಂದು ಅಂಗಿ ಎತ್ತಿಕೊಂಡು, ನಾನು ಹಾಕಿದ ಹೊಲಿಗೆ ನೋಡಿ, ಕೆಳಗೆ ಇಟ್ಟಳು. ಕಣ್ಣಲ್ಲಿ ನೀರಿತ್ತು.

"ಅಕ್ಕ, ಇದೆಲ್ಲಾ ನನ್ನ ಮಷೀನಿಂದಾನಾ?"

"ಹೂಂ ಕಣಮ್ಮ."

"ಒಂದು ಮಾತು ಹೇಳಿದ್ರೆ ನಾನು ಸೂಜಿ ಬದಲಾಯಿಸ್ತಿದ್ನಲ್ಲ. ನೀವೆಲ್ಲಾ ನನಗೆ ಒಳ್ಳೇದು ಮಾಡಿದ್ರಿ, ನನಗೆ ಗೊತ್ತೇ ಆಗ್ಲಿಲ್ಲ."

ಬೈಗುಳ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಇದು ಬೈಗುಳ ಅಲ್ಲ. ಅಂಗಿ ಮಡಿಚುತ್ತಾ ನನಗೆ ಕಂಡಿದ್ದು ಪುಟ್ಟಿಯ ಹಾಳೆ. ಮೇಷ್ಟ್ರೂ ಒಳ್ಳೇದೇ ಮಾಡಿದ್ದು. ನಾಳೆ ಇಂಟರ್‌ವ್ಯೂನಲ್ಲಿ ಯಾರಾದರೂ ಆ ಸಾಲು ಹಿಡಿದು ಒಂದು ಸಲ ಜಗ್ಗಿದರೆ? "ನಿಮ್ಮ ತಾತನಿಗೆ ಏನೇನು ಹೇಳಿಕೊಟ್ಟೆ? ಮೊದಲನೇ ಮಾತು ಯಾವುದು ಬಂತು?" ಅಂತ ಕೇಳಿದರೆ? ಅಲ್ಲಿ ಮೇಷ್ಟ್ರು ಇರುವುದಿಲ್ಲ, ನಾನು ಇರುವುದಿಲ್ಲ, ಅವಳೊಬ್ಬಳೇ. ಅದಕ್ಕಿಂತ ಹೆಚ್ಚಾಗಿ, ಅಷ್ಟೆಲ್ಲಾ ದಾಟಿ ಅವಳಿಗೆ ಸೀಟು ಸಿಕ್ಕೇಬಿಟ್ಟರೆ, ಗೋಡೆ ಕಡೆ ತಿರುಗಿಕೊಂಡ ಮನುಷ್ಯನ ಮುಂದೆ ನಾವು ಆ ಸೀಟಿಗೆ ಸಿಹಿ ಹಂಚಬೇಕು.

ಅಲ್ಲೇ ತೀರ್ಮಾನ ಮಾಡಿದೆ. ಸೀಟು ಹೋದರೂ ಹೋಗಲಿ, ಈ ಹಾಳೆಯನ್ನು ಅವಳೊಬ್ಬಳೇ ಬರೆಯಬೇಕು. ನಾವು ತೋರಿಸೋಣ, ಹೊಲಿಯುವುದು ಬೇಡ.

ಸಂಜೆ ಪುಟ್ಟಿಯನ್ನು ಕರೆದುಕೊಂಡು ವಿಮಾನಪುರಕ್ಕೆ ಹೋದೆ. ಮೇಷ್ಟ್ರ ಮುಂದೆ ಹೇಳುವುದಕ್ಕೆ ನನಗೆ ಹೆದರಿಕೆಯೇ. ಅವರು ಆ ಹುಡುಗಿಗೆ ಎಷ್ಟು ಸಂಜೆ ಕೊಟ್ಟಿದ್ದರು, ಒಂದು ದಿನವೂ ಏನೂ ಕೇಳಿರಲಿಲ್ಲ. ಕುರ್ಚಿ ಹಾಕಿದರು, ನಾನು ಜಗಲಿ ಮೇಲೇ ಕೂತೆ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ತಾತ ಮಾತಾಡ್ತಾರೆ ಅನ್ನೋ ಸಾಲು ತೆಗೀಬೇಕು."

ಅವರು ಕನ್ನಡಕ ತೆಗೆದರು. "ಅಮ್ಮಾ, ನಿಮ್ಮ ಹುಡುಗಿಗೆ ಸೀಟು ಬೇಕೋ ಬೇಡ್ವೋ?"

"ಬೇಕು."

"ಅಲ್ಲಿ ಓದೋರು ದಿನಾ ಇಂಥ ಹಾಳೆ ರಾಶಿ ರಾಶಿ ಓದ್ತಾರೆ. ಒಂದು ಗೆಲುವು ಕಾಣ್ದೇ ಇದ್ರೆ ಹಾಳೆ ಪಕ್ಕಕ್ಕೆ ಹೋಗುತ್ತೆ. ನಾನು ಬೇಕು ಅಂತ ಸುಳ್ಳು ಬರೆಸಿದ್ದಲ್ಲ. ಸ್ವಲ್ಪ ಮೆರುಗು ಕೊಟ್ಟೆ."

"ಆ ಸಾಲು ಓದಿದಾಗ ಅವರು ಅಲ್ಲೇ ಮಲಗಿದ್ರು ಮೇಷ್ಟ್ರೇ. ಗೋಡೆ ಕಡೆ ತಿರುಗಿಬಿಟ್ರು."

ಮೇಷ್ಟ್ರು ಪಂಚೆಯ ತುದಿಯಿಂದ ಕನ್ನಡಕ ಒರೆಸಿದರು. ಒಳಗಿಂದ ಅವರ ಹೆಂಡತಿ ಕಾಫಿ ತಂದಿಟ್ಟು ಹೋದರು. ಆಮೇಲೆ ಅವರು ನನ್ನನ್ನು ಬಿಟ್ಟು ಪುಟ್ಟಿಯ ಕಡೆ ತಿರುಗಿದರು.

"ಸರಿ. ಆದ್ರೆ ಬರೀ ಸೋತೆ ಅಂತ ಬರೆದ್ರೂ ಆಗಲ್ಲಮ್ಮ, ಅದು ಗೋಳು ಆಗುತ್ತೆ. ಯಾಕೆ ಸೋತೆ? ಅದು ನಿಂಗೆ ಗೊತ್ತಾ? ಗೊತ್ತಿದ್ರೆ ಅದನ್ನ ಬರಿ. ಈ ಸಲ ನನ್ನ ಪೆನ್ನು ಮುಟ್ಟಲ್ಲ. ಕಾಗುಣಿತ ತಪ್ಪಿದ್ರೆ ಗೆರೆ ಎಳೀತೀನಿ, ಅಷ್ಟೇ."

ಇದನ್ನು ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ನಾನು ಬೇಡದ್ದನ್ನು ತೋರಿಸಿದೆ. ಬೇಕಾದ್ದನ್ನು ಕೇಳಿದವರು ಮೇಷ್ಟ್ರು.

ಭಾನುವಾರ ಪುಟ್ಟಿ ಬೆಳಗಿನಿಂದ ಹಿತ್ತಿಲ ಕಲ್ಲಿನ ಮೇಲೆ ಕೂತು ಬರೆದಳು. ಬರೆಯುವುದು, ಹರಿಯುವುದು. ನಾನು ರಾಗಿ ಹಸನು ಮಾಡುತ್ತಾ ಅವಳ ಕಡೆ ನೋಡದ ಹಾಗೆ ನೋಡುತ್ತಿದ್ದೆ. ಒಂದು ಸಲ ಬಂದು, "ಅಜ್ಜಿ, ಸ್ಲೇಟಿನ ವಿಷಯ ಬರೀಲಾ?" ಅಂದಳು. ಬರಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ ನಾನು.

"ಅದು ನಿಮ್ಮ ತಾತಂದು. ಅವರನ್ನೇ ಕೇಳು."

ಊಟವಾದ ಮೇಲೆ ಕರಡು ತಂದು ಮಂಚದ ಹತ್ತಿರ ಕೂತಳು. ಈ ಸಲ ನನಗಲ್ಲ, ಅವರಿಗೆ ಓದಿದಳು. ಒಂದು ಸಾಲು ಇಂಗ್ಲಿಷು, ಒಂದು ಸಾಲು ಕನ್ನಡ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅವಳು ಬರೆದಿದ್ದು ನನಗೆ ನೆನಪಿರುವ ಹಾಗೆ ಹೀಗಿತ್ತು.

ತಾತನಿಗೆ ಮಾತು ನಿಂತಾಗ ನಾನು ಶಾಲೆಗೆ ಹೋಗುವ ಹುಡುಗಿ. ಸ್ಲೇಟು ತಂದು ಅ ಆ ಇ ಈ ಬರೆದು, ಮಗುವಿಗೆ ಹೇಳಿದ ಹಾಗೆ ಹೇಳು ಹೇಳು ಅಂದೆ. ಅಕ್ಕಪಕ್ಕದವರು ಬಂದಾಗ ಅವರ ಮುಂದೆಯೂ ಹೇಳಿಸಿದೆ. ಒಂದು ದಿನ ತಾತ ಸ್ಲೇಟು ಕಿತ್ತುಕೊಂಡು ಗೋಡೆಗೆ ಎಸೆದರು. ನನಗೆ ಸಿಟ್ಟು ಬಂತು. ಅವರ ಜೊತೆ ಮಾತಾಡುವುದನ್ನೇ ಬಿಟ್ಟೆ. ಆಮೇಲೆ ತಾತನ ಹಳೇ ಗೆಳೆಯರೊಬ್ಬರು ಮಾರುಕಟ್ಟೆಯಿಂದ ಒಂದು ಬುಟ್ಟಿ ಸಪೋಟ ತಂದರು. ಅವರು ಮೊದಲಿನ ಹಾಗೇ ಮಾತಾಡಿದರು, ಕೇಳಿ ಸುಮ್ಮನೆ ಕಾದರು. ತಾತ ಬೆರಳಲ್ಲಿ ರೇಟು ಹೇಳಿದರು, ಹಣ್ಣು ಒತ್ತಿ ನೋಡಿ ಮುಖ ಸಿಂಡರಿಸಿದರು, ಜಗಳ ಆಡಿದರು, ಕೊನೆಗೆ ಇಬ್ಬರೂ ನಕ್ಕರು. ಒಂದು ಬುಟ್ಟಿ ಹಣ್ಣಿನ ಪೂರ್ತಿ ವ್ಯಾಪಾರ ನನ್ನ ಕಣ್ಣ ಮುಂದೆ ನಡೆಯಿತು. ತಾತನೊಳಗೆ ಮಾತು ಇತ್ತು. ನಾನು ಅಕ್ಷರಕ್ಕೆ ಕಾಯುತ್ತಿದ್ದೆ, ತಾತನಿಗೆ ಕಾಯಲಿಲ್ಲ. ಹೇಗೆ ಕಾಯಬೇಕು, ಕಾಯುವಾಗ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ಅದನ್ನು ಕಲಿಯಬೇಕು.

ಸ್ಲೇಟಿನ ಮಾತು ಬಂದಾಗ ನಮ್ಮವರು ಎಡಗೈಯಿಂದ ಕಣ್ಣು ಮುಚ್ಚಿಕೊಂಡರು. ಪುಟ್ಟಿ ಓದು ನಿಲ್ಲಿಸಿದಳು. ಅವರು ಕಣ್ಣು ಮುಚ್ಚಿಕೊಂಡೇ ಬೆರಳು ಆಡಿಸಿದರು: ಮುಂದಕ್ಕೆ ಹೋಗು. ಅವಳು ಹೋದಳು. ಹಣ್ಣಿನ ಬುಟ್ಟಿ ಬಂದ ತಕ್ಷಣ ಕೈ ತೆಗೆದು ಎದ್ದೇ ಕೂತರು.

"ಆಯ್ತು! ಆಯ್ತು!" ಅಂತ ತಲೆ ಅಡ್ಡಡ್ಡ ಆಡಿಸಿದರು.

"ಏನ್ ತಾತ, ಬೇಡ್ವಾ? ಇದನ್ನ ತೆಗೀಲಾ?"

ಅಲ್ಲ ಅಂತ ಕೈ. ಅವಳ ಹಾಳೆಯ ಮೇಲೆ ಬೆರಳು ಕುಟ್ಟಿದರು. ಆಮೇಲೆ ಗಾಳಿಯಲ್ಲಿ ಒಂದು ಗುಂಡು ಮಾಡಿದರು. ಹೆಬ್ಬೆರಳಿಂದ ಅದನ್ನು ಒಡೆದ ಹಾಗೆ ಮಾಡಿ, ಬಾಯಿಗೆ ಹಾಕಿಕೊಂಡು, ತುಪ್ ತುಪ್ ತುಪ್ ಅಂತ ಬೀಜ ಉಗುಳಿದರು. ನನಗೆ ತಿಳಿದುಹೋಯಿತು. ಬಾಯಿ ತೆಗೆಯಬೇಕು, ಅಷ್ಟರಲ್ಲಿ ಪುಟ್ಟಿ ನನ್ನ ಕಡೆ ಕೈ ಎತ್ತಿ ಸುಮ್ಮನಿರಿಸಿದಳು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಮತ್ತೆ ಒಡೆದರು, ಮತ್ತೆ ಉಗುಳಿದರು, ಆ ಗುಂಡಿನ ಮೈ ಮೇಲೆಲ್ಲಾ ಉಬ್ಬು ಉಬ್ಬು ಅಂತ ಬೆರಳಿಂದ ತೋರಿಸಿದರು.

"ಸೀತಾಫಲ!" ಅಂದಳು ಪುಟ್ಟಿ. "ಸಪೋಟ ಅಲ್ಲ, ಅವತ್ತು ತಂದಿದ್ದು ಸೀತಾಫಲ!"

"ಆಯ್ತೂ" ಅಂತ ಅವರು ದಿಂಬಿಗೆ ಒರಗಿದರು. ಹಣ್ಣು ಮಾರಿದವರ ಮುಂದೆ ಹಣ್ಣಿನ ಹೆಸರು ತಪ್ಪು ಬರೆದರೆ ಬಿಡುತ್ತಾರಾ! ನಾವು ಮೂವರೂ ನಕ್ಕಿದ್ದು ಎಷ್ಟೋ ದಿನಗಳ ಮೇಲೆ. ಪುಟ್ಟಿ ಅಲ್ಲೇ ಅದನ್ನು ಹೊಡೆದು ತಿದ್ದಿದಳು. ಅವರು ಅವಳ ಪೆನ್ನು ಹೋಗುವುದನ್ನೇ ನೋಡುತ್ತಿದ್ದರು. ಆಮೇಲೆ ಉಳಿದಿದ್ದನ್ನೂ ಓದಿಸಿಕೊಂಡು, ಹಾಳೆ ಇಸಿದುಕೊಂಡು, ಒಂದು ಸಲ ನೇವರಿಸಿ, ಅವಳ ಕೈಗೆ ಕೊಟ್ಟರು. ನನಗೆ ಅದು ರುಜು ಹಾಕಿದ ಹಾಗೇ ಕಂಡಿತು.

ಸಂಜೆ ಮೇಷ್ಟ್ರು ನಾಲ್ಕಾರು ಪದಗಳ ಕೆಳಗೆ ಗೆರೆ ಎಳೆದರು, ಅವಳೇ ನಿಘಂಟು ನೋಡಿ ಸರಿ ಮಾಡಿಕೊಂಡಳು. ಒಂದು ಕಡೆ ಅವರ ಪೆನ್ನು ಕಾಗದದ ಹತ್ತಿರ ಹೋಗಿ ನಿಂತಿತಂತೆ. "ಇಲ್ಲಿ ಒಂದು ಒಳ್ಳೇ ಪದ ಹಾಕ್ಬಹುದಿತ್ತು" ಅಂದು, ಪೆನ್ನಿಗೆ ಕ್ಯಾಪು ಹಾಕಿ, ಜೇಬಿಗೆ ಸಿಕ್ಕಿಸಿಕೊಂಡರಂತೆ. ಪುಟ್ಟಿ ಮನೆಗೆ ಬಂದು ಹೊಸ ಹಾಳೆಗೆ ಇಳಿಸಿದಳು. ಸೋಮವಾರ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿ ತಾನೇ ಹೋಗಿ ಕೊಟ್ಟು ಬಂದಳು. ಆ ಹಾಳೆಯನ್ನು ನಾನು ಮುಟ್ಟಲಿಲ್ಲ.

ಆಮೇಲೆ ಕಾಯುವುದು. ಮೇಷ್ಟ್ರು ಹೇಳಿದ್ದು ನಿಜವಾಗಿಬಿಟ್ಟರೆ ಅಂತ ನನಗೆ ದಿನಾ ಅನ್ನಿಸುತ್ತಿತ್ತು. ಅಂಗಿ ಚೆಕ್ ಮಾಡುವಾಗ ಕಣ್ಣು ಹೊಲಿಗೆ ಮೇಲೆ, ಮನಸ್ಸು ಪೋಸ್ಟ್‌ಮ್ಯಾನ್ ಮೇಲೆ. ನಾನು ಆ ಸಾಲು ತೆಗೆಸಿದ್ದಕ್ಕೇ ಹುಡುಗಿಯ ದಾರಿ ಮುಚ್ಚಿತು ಅಂತ ನಾಳೆ ಯಾರಾದರೂ ಅಂದರೆ ನಾನು ಏನು ಹೇಳಲಿ? ಯಾರೂ ಅನ್ನದಿದ್ದರೂ ನನಗೆ ನಾನೇ ಏನು ಹೇಳಿಕೊಳ್ಳಲಿ?

ಇಂಟರ್‌ವ್ಯೂಗೆ ಕರೆ ಬಂತು. ಕೋಲಾರದಿಂದ ಮಗ ಬಂದು ಕರೆದುಕೊಂಡು ಹೋದ. ಒಬ್ಬರು ದೊಡ್ಡ ಮೇಡಂ ಅವಳ ಹಾಳೆ ಮುಂದಿಟ್ಟುಕೊಂಡು, "ಈಗ ನಿಮ್ಮ ತಾತನಿಗೆ ನೀನು ಏನು ಕಲಿಸ್ತೀಯ?" ಅಂತ ಕೇಳಿದರಂತೆ. "ಈಗ ಕಲಿಸ್ತಿಲ್ಲ ಮೇಡಂ, ಹಣ್ಣಿನ ವ್ಯಾಪಾರ ಮಾಡ್ತಿದ್ದೀವಿ, ದಿನಾ ನಾನೇ ಸೋಲ್ತೀನಿ" ಅಂದಳಂತೆ ಇವಳು. ಅವರು ನಕ್ಕರೋ ಇಲ್ಲವೋ ಅಂತ ಕೇಳಿದೆ. "ನಗಲಿಲ್ಲ ಅಜ್ಜಿ, ಏನೋ ಬರ್ಕೊಂಡ್ರು" ಅಂದಳು. ಅದನ್ನು ಕೇಳಿ ನನಗೆ ಎರಡು ಹೊತ್ತು ಊಟ ಸೇರಲಿಲ್ಲ.

ಪಟ್ಟಿ ಹಾಕುವ ದಿನ ಅಪ್ಪ, ಮಗಳು ಮತ್ತೆ ಆ ಊರಿಗೆ ಹೋದರು. ಮಧ್ಯಾಹ್ನ ನಾನು ಟೇಬಲ್ ಹತ್ತಿರ ಇದ್ದೆ. ಸೂಪರ್‌ವೈಸರ್ ಬಂದು, "ಅಮ್ಮಾ, ಆಫೀಸಿಗೆ ನಿಮ್ಮ ಫೋನು. ಓಡ್ಬೇಡಿ, ಬಿದ್ದೀರಿ" ಅಂದ. ಓಡಿದೆ.

"ಅಜ್ಜಿ, ಸಿಕ್ತು."

ನಾನು ಫೋನನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆನಂತೆ. ಆಫೀಸಿನ ಹುಡುಗಿಯೇ ಅದನ್ನು ಕೈಯಿಂದ ಬಿಡಿಸಿ ಇಟ್ಟಳಂತೆ. ಲೈನಿಗೆ ಬಂದಾಗ ಕಫ್ ಟೈಲರ್ ನನ್ನ ಮುಖ ನೋಡಿ ಮಷೀನ್ ಬಿಟ್ಟು ಎದ್ದಳು, ಇಬ್ಬರೂ ತಬ್ಬಿಕೊಂಡೆವು. ಅಕ್ಕಪಕ್ಕದ ಮಷೀನುಗಳೂ ನಿಂತವು. "ಏನ್ರಮ್ಮಾ, ಟಾರ್ಗೆಟ್ಟು!" ಅಂತ ಕೂಗಿದ ಸೂಪರ್‌ವೈಸರ್, ವಿಷಯ ತಿಳಿದು, "ಹೋಗಿ ಅಮ್ಮಾ, ಮನೆಗೆ ಹೋಗಿ, ನೀವು ಇವತ್ತು ಇದ್ರೂ ತಪ್ಪು ಕಾಣಲ್ಲ" ಅಂದ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಹೊಸಿಲ ಮೇಲೆ ನಿಂತು, "ರೀ, ಪುಟ್ಟಿಗೆ ಸೀಟ್ ಸಿಕ್ತು ಕಣ್ರೀ" ಅಂದೆ. ಅವರು ನನ್ನ ಮುಖ ನೋಡಿದರು. ಗೋಡೆ ಹಿಡಿದುಕೊಂಡು ಎದ್ದರು. ನಾನು ಹಿಡಿಯಲು ಹೋದರೆ ಬೇಡ ಅಂತ ಕೈ ತೋರಿಸಿ, ಕಾಲು ಎಳೆದುಕೊಂಡು ಬಾಗಿಲಿಗೆ ಬಂದು, ಜಗಲಿ ಮೇಲೆ ಕೂತು, ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನು ಕೈ ಬೀಸಿ ಕರೆದರು.

"ಏನ್ ತಾತ?" ಅಂತ ಅವನು ಸೈಕಲ್ ನಿಲ್ಲಿಸಿದ.

ಅವರು ಜಡೆ ತೋರಿಸಿದರು. ಅಂಗೈ ಮೇಲೆ ಬರೆದು ತೋರಿಸಿದರು. ದೂರಕ್ಕೆ ಬೆರಳು ಚಾಚಿದರು. ಅವನು ಅರ್ಥವಾಗದೆ ನನ್ನ ಕಡೆ ನೋಡಿದ. ನನ್ನ ನಾಲಿಗೆ ತುದಿಯಲ್ಲಿ ಎಲ್ಲಾ ಇತ್ತು. ನಮ್ಮವರು ತಿರುಗಿ ನನ್ನನ್ನು ಒಂದು ನೋಟ ನೋಡಿದರು, ನಾನು ಬಾಯಿ ಮುಚ್ಚಿದೆ. ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಜಗಲಿಯ ಹತ್ತಿರ ಬಂದ. ಎದುರು ಮನೆಯವರು ಬಂದರು, ಆಚೆ ಮನೆಯ ಹೆಂಗಸರು ಬಂದರು. ಒಬ್ಬೊಬ್ಬರಿಗೂ ಅವರು ಮೊದಲಿಂದ ಹೇಳಿದರು, ನಿಧಾನವಾಗಿ, ಮುಗಿಯುವವರೆಗೂ. ಜನ ನಿಂತು ಕೇಳಿದರು. ನಾನು ಒಳಗೆ ಹೋಗಿ ಎಲ್ಲರಿಗೂ ಕಾಫಿಗೆ ಇಟ್ಟೆ.